ಬಫರ್ ಈಗ ಯಾರ ಕೈಲಿದೆ? ಒಂದು ಕ್ರಿಪ್ಟೊ ಡ್ರೈವರ್ ರಿವ್ಯೂ ಮಾಡಿದ ನನ್ನ ಅನುಭವ

ಡ್ರೈವರ್ ಕೋಡ್ ಕೈಗೆ ಬಂದ ಮೊದಲ ದಿನ ನಾನು ಅದನ್ನು ತೆರೆಯಲಿಲ್ಲ. ಚಿಪ್‌ನ ಡೇಟಾಶೀಟ್ ಓದಿದೆ. ಹದಿಮೂರು ವರ್ಷದಿಂದ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕೆಲಸ ಮಾಡುತ್ತಿದ್ದೇನೆ, ಈ ಅಭ್ಯಾಸ ಬಿಟ್ಟಿಲ್ಲ. ಕೋಡ್ ಮೊದಲು ಓದಿದರೆ ಬರೆದವರ ಯೋಚನೆಯ ಹಾದಿಯಲ್ಲೇ ನಮ್ಮ ತಲೆಯೂ ಓಡುತ್ತದೆ. ಅವರಿಗೆ ಕಾಣದ್ದು ನಮಗೂ ಕಾಣುವುದಿಲ್ಲ.

ಕೆಲಸ ಇಷ್ಟು. ಒಂದು ಆರ್ಮ್ ಬೋರ್ಡ್. ಅದರ ಚಿಪ್‌ನೊಳಗೆ ಎಇಎಸ್ ಎನ್‌ಕ್ರಿಪ್ಷನ್‌ಗೆಂದೇ ಬೇರೆ ಎಂಜಿನ್ ಇದೆ. ಡೇಟಾ ಇಟ್ಟ ಮೆಮೊರಿ ಜಾಗದ, ಅಂದರೆ ಬಫರ್‌ನ, ವಿಳಾಸ ಕೊಟ್ಟರೆ ಸಾಕು. ಎಂಜಿನ್ ತಾನೇ ಮೆಮೊರಿಯಿಂದ ಓದಿ, ಎನ್‌ಕ್ರಿಪ್ಟ್ ಮಾಡಿ, ವಾಪಸ್ ಬರೆದು, ಮುಗಿಯಿತು ಅಂತ ಸಿಪಿಯುಗೆ ಇಂಟರಪ್ಟ್ ಅನ್ನುವ ಸೂಚನೆ ಕೊಡುತ್ತದೆ. ಸಿಪಿಯು ನಡುವೆ ಬರದೆ ಸಾಧನವೇ ಮೆಮೊರಿ ಮುಟ್ಟುವ ಈ ಏರ್ಪಾಡಿಗೆ ಡಿಎಂಎ ಅನ್ನುತ್ತಾರೆ. ಇದನ್ನು ಲಿನಕ್ಸ್ ಕರ್ನಲ್‌ಗೆ ಜೋಡಿಸುವ ಡ್ರೈವರ್ ಸುಮಾರು 1,400 ಸಾಲು. ಬರೆದವನು ನಮ್ಮ ಬೆಂಗಳೂರು ತಂಡದ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷ. ನಾನು ಚಿಕ್ಕಮಗಳೂರಿನ ಮನೆಯಿಂದಲೇ ಕೆಲಸ ಮಾಡುವವಳು. ಬೋರ್ಡ್ ಕೊರಿಯರ್‌ನಲ್ಲಿ ಬಂತು. ಪುನರ್ವಸು ಮಳೆ ಹಿಡಿದಿತ್ತು, ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತಿತ್ತು. ಬೋರ್ಡನ್ನೂ ಯುಪಿಎಸ್‌ಗೆ ಹಾಕಿ ಕೂತೆ.

ಡೇಟಾಶೀಟ್‌ನಲ್ಲಿ ಮೂರು ಕಡೆ ಗುರುತು ಹಾಕಿಕೊಂಡೆ. ಒಂದು, 192 ಬಿಟ್ ಕೀ ಈ ಎಂಜಿನ್‌ಗೆ ಬರುವುದಿಲ್ಲ. ಅಂಥ ಕೀ ಬಂದರೆ ಡ್ರೈವರ್ ಕೆಲಸವನ್ನು ಸಾಫ್ಟ್‌ವೇರ್‌ಗೆ ದಾಟಿಸಬೇಕು. ಎರಡು, ಪ್ರತಿ ಬ್ಲಾಕಿಗೂ ಒಂದೊಂದು ಹೆಚ್ಚುವ ಕೌಂಟರ್ ಬಳಸುವ ಸಿಟಿಆರ್ ವಿಧಾನದಲ್ಲಿ ಈ ಎಂಜಿನ್‌ನ ಕೌಂಟರ್ 32 ಬಿಟ್ ಮಾತ್ರ. ಲಿನಕ್ಸ್ ಕೌಂಟರ್‌ನ ಪೂರ್ತಿ 16 ಬೈಟನ್ನು ಒಂದೇ ದೊಡ್ಡ ಸಂಖ್ಯೆ ಅಂತ ಎಣಿಸುತ್ತದೆ. ಕೆಳಗಿನ 32 ಬಿಟ್ ತುಂಬಿ ಸೊನ್ನೆಗೆ ಬಂದಾಗ ದಶಕ ಮೇಲಕ್ಕೆ ಹೋಗದಿದ್ದರೆ, ಎಂಜಿನ್ ಬರೆದದ್ದನ್ನು ಸಾಫ್ಟ್‌ವೇರ್ ಬಿಚ್ಚಲಾರದು. ಮೂರು, ಎಂಜಿನ್ ನಿಲ್ಲಿಸಲು ಒಂದು ಬಿಟ್ ಬರೆದರೆ ಸಾಲದು. ಇನ್ನೊಂದು ಬಿಟ್ ಸೊನ್ನೆ ಆಗುವವರೆಗೆ ಕಾಯಬೇಕು. ಈ ಮೂರನೆಯದು ಮುಂದೆ ದೊಡ್ಡ ವಿಷಯವಾಯಿತು.

ಹುಡುಗ ಕೋಡ್ ಜೊತೆ ಬರೆದಿದ್ದ: ‘ಎಲ್ಲಾ ಸೆಲ್ಫ್‌ಟೆಸ್ಟ್ ಪಾಸ್ ಆಗಿದೆ ಮೇಡಂ.’ ಅವನು ಸುಳ್ಳು ಹೇಳಿರಲಿಲ್ಲ. ಕರ್ನಲ್ ತನ್ನ ಸ್ಥಿತಿ ತೋರಿಸುವ ಪ್ರಾಕ್ ಕಡತಗಳಲ್ಲಿ ಕ್ರಿಪ್ಟೊ ಅನ್ನುವುದನ್ನು ತೆರೆದರೆ ಪ್ರತಿ ಆಲ್ಗರಿದಂ ಕೆಳಗೆ ‘ಸೆಲ್ಫ್‌ಟೆಸ್ಟ್: ಪಾಸ್ಡ್’ ಅಂತಲೇ ಇತ್ತು. ಆದರೆ ಇಲ್ಲೊಂದು ಹಳ್ಳ ಇದೆ, ಹೊಸಬರು ಇದನ್ನು ತಿಳಿದಿರಲೇಬೇಕು. ನಾವು ಬಳಸುತ್ತಿದ್ದ 5.15 ಕರ್ನಲ್‌ನಲ್ಲಿ ಟೆಸ್ಟ್ ಬೇಡ ಅನ್ನುವ ಕಾನ್ಫಿಗ್ ಆಯ್ಕೆ ಮೊದಲೇ ಆನ್ ಆಗಿರುತ್ತದೆ. ಟೆಸ್ಟ್ ನಡೆಯದೇ ಇದ್ದರೂ ಅಲ್ಲಿ ‘ಪಾಸ್ಡ್’ ಅಂತಲೇ ಕಾಣುತ್ತದೆ! ನಾನು ಆ ಆಯ್ಕೆ ತೆಗೆದೆ. ಯಾದೃಚ್ಛಿಕ ಡೇಟಾ ಹಾಕಿ ಸಾಫ್ಟ್‌ವೇರ್ ಫಲಿತಾಂಶದ ಜೊತೆ ತಾಳೆ ನೋಡುವ ಹೆಚ್ಚುವರಿ ಟೆಸ್ಟ್‌ಗಳನ್ನೂ ಆನ್ ಮಾಡಿದೆ. ಬೋರ್ಡ್ ಬೂಟ್ ಆಗುತ್ತಿದ್ದಂತೆ ಸಾಲು ಬಂತು: ರಾಂಗ್ ಔಟ್‌ಪುಟ್ ಐವಿ.

ಇದು ಹಳೆಯ ತಪ್ಪು, ಬೇರೆ ಡ್ರೈವರ್‌ಗಳಲ್ಲೂ ನೋಡಿದ್ದೇನೆ. ಸಿಬಿಸಿ ವಿಧಾನದಲ್ಲಿ ಪ್ರತಿ 16 ಬೈಟ್ ಬ್ಲಾಕ್ ತನ್ನ ಹಿಂದಿನ ಎನ್‌ಕ್ರಿಪ್ಟೆಡ್ ಬ್ಲಾಕ್ ಜೊತೆ ಬೆರೆಯುತ್ತದೆ. ಮೊದಲನೆಯದಕ್ಕೆ ಹಿಂದೆ ಯಾರೂ ಇಲ್ಲ, ಅದಕ್ಕೇ ಐವಿ ಅನ್ನುವ ಆರಂಭದ 16 ಬೈಟ್ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಕೊನೆಯ ಎನ್‌ಕ್ರಿಪ್ಟೆಡ್ ಬ್ಲಾಕನ್ನು ಐವಿ ಜಾಗದಲ್ಲಿ ಇಡಬೇಕು. ಕರೆದವರು, ಅಂದರೆ ಡ್ರೈವರ್‌ನಿಂದ ಕೆಲಸ ಮಾಡಿಸಿಕೊಳ್ಳುವ ಕೋಡ್, ಅಲ್ಲಿಂದ ಮುಂದುವರಿಸುತ್ತಾರೆ. ಡಿಕ್ರಿಪ್ಟ್ ಮಾಡುವಾಗ ಇನ್‌ಪುಟ್ಟೂ ಔಟ್‌ಪುಟ್ಟೂ ಒಂದೇ ಬಫರ್ ಆಗಿದ್ದರೆ ಎಂಜಿನ್ ಆ ಬ್ಲಾಕಿನ ಮೇಲೇ ಬರೆದುಬಿಡುತ್ತದೆ. ಹಾಗಾಗಿ ಕೊನೆಯ 16 ಬೈಟ್ ಮೊದಲೇ ಎತ್ತಿಡಬೇಕು. ಹುಡುಗನ ಕೋಡ್ ಇಂಟರಪ್ಟ್ ಬಂದ ಮೇಲೆ ಎತ್ತುತ್ತಿತ್ತು. ಅಷ್ಟರಲ್ಲಿ ಅದು ಅಲ್ಲಿ ಇರುವುದಿಲ್ಲ. ಅವನು ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಪರೀಕ್ಷಿಸಿದ್ದ. ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಕರ್ನಲ್ ಭಾಗವಾದ ಡಿಎಂ-ಕ್ರಿಪ್ಟ್, ಡಿಸ್ಕಿನ ಪ್ರತಿ ಸೆಕ್ಟರ್‌ಗೂ ಹೊಸ ಐವಿ ಕೊಡುವುದರಿಂದ ಅಲ್ಲಿ ಇದು ಗೊತ್ತೇ ಆಗಲ್ಲ.

ಟೆಸ್ಟ್ ಹಿಡಿದದ್ದು ಇಷ್ಟು. ಉಳಿದದ್ದಕ್ಕೆ ಕೂತು ಓದಬೇಕಾಯಿತು. ನಾನು ಓದುವುದು ಒಂದೇ ಪ್ರಶ್ನೆ ಇಟ್ಟುಕೊಂಡು: ಈ ಸಾಲಿನಲ್ಲಿ ಈ ಬಫರ್ ಯಾರ ಕೈಲಿದೆ? ಸಿಪಿಯು ಕೈಲೋ, ಎಂಜಿನ್ ಕೈಲೋ? ಮ್ಯಾಪ್ ಮಾಡಿದ, ಅಂದರೆ ಡಿಎಂಎಗೆ ಒಪ್ಪಿಸಿದ, ಕ್ಷಣದಿಂದ ಅದು ಎಂಜಿನ್‌ದು. ಅನ್‌ಮ್ಯಾಪ್ ಮಾಡಿದ ಮೇಲೆ ನಮ್ಮದು. ಕಾಗದದ ಮೇಲೆ ಎರಡು ಕಾಲಂ ಹಾಕಿ, ಪ್ರತಿ ದಾರಿಗೂ ಗೀಟು ಎಳೆಯುತ್ತಾ ಹೋಗುತ್ತೇನೆ. ಎಲ್ಲ ಸರಿಯಾಗಿ ನಡೆಯುವ ದಾರಿ ಒಂದೇ. ತಪ್ಪು ಬಂದಾಗ ಹೊರಡುವ ದಾರಿಗಳು ಈ ಡ್ರೈವರ್‌ನಲ್ಲಿ ಹನ್ನೊಂದು ಇದ್ದವು.

ಹಾಗೆ ಸಿಕ್ಕಿದ ಮೊದಲನೆಯದು ಎಣಿಕೆಯ ತಪ್ಪು. ಮೆಮೊರಿಯಲ್ಲಿ ಚದುರಿದ ತುಣುಕುಗಳ ಪಟ್ಟಿಯನ್ನು ಮ್ಯಾಪ್ ಮಾಡಿದಾಗ ಎಷ್ಟು ತುಣುಕು ಅಂತ ಒಂದು ಸಂಖ್ಯೆ ವಾಪಸ್ ಬರುತ್ತದೆ. ಎಂಜಿನ್‌ಗೆ ಆ ಸಂಖ್ಯೆ ಕೊಡಬೇಕು. ಆದರೆ ಅನ್‌ಮ್ಯಾಪ್ ಮಾಡುವಾಗ ಮೊದಲು ಕೊಟ್ಟಿದ್ದ ಮೂಲ ಸಂಖ್ಯೆಯನ್ನೇ ಕೊಡಬೇಕು. ಹುಡುಗ ಎರಡೂ ಕಡೆ ವಾಪಸ್ ಬಂದದ್ದನ್ನೇ ಬಳಸಿದ್ದ. ನಮ್ಮ ಬೋರ್ಡ್‌ನಲ್ಲಿ ಐಒಎಂಎಂಯು (ಸಾಧನಗಳು ಬಳಸುವ ಮೆಮೊರಿ ವಿಳಾಸಗಳನ್ನು ಬದಲಿಸಿಕೊಡುವ ಘಟಕ) ಇಲ್ಲ, ಎರಡೂ ಸಂಖ್ಯೆ ಒಂದೇ ಬರುತ್ತದೆ. ಇದೇ ಡ್ರೈವರ್ ಮುಂದೆ ಐಒಎಂಎಂಯು ಇರುವ ಚಿಪ್‌ಗೆ ಹೋದರೆ, ತುಣುಕುಗಳು ಕೂಡಿಕೊಂಡು ಸಂಖ್ಯೆ ಕಡಿಮೆ ಆಗಬಹುದು. ಆಗ ಗೊತ್ತಾಗುತ್ತದೆ ನೋವು. ಈ ಬೋರ್ಡಿನ ಮೇಲೆ ಯಾವ ಟೆಸ್ಟ್ ಓಡಿಸಿದರೂ ಇದು ಸಿಗುವುದಿಲ್ಲ.

ಎರಡನೆಯದು ನನ್ನ ನಿದ್ದೆ ಕೆಡಿಸಿತು. ಎಂಜಿನ್ ಒಂದು ಸೆಕೆಂಡಿನಲ್ಲಿ ಉತ್ತರ ಕೊಡದಿದ್ದರೆ ಡ್ರೈವರ್ ಟೈಮ್‌ಔಟ್ ಅಂತ ಬಫರ್ ಅನ್‌ಮ್ಯಾಪ್ ಮಾಡಿ, ಕರೆದವರಿಗೆ ತಪ್ಪಿನ ಸಂಖ್ಯೆ ಕಳಿಸಿ, ಕೊನೆಗೆ ಎಂಜಿನ್ ರೀಸೆಟ್ ಮಾಡುತ್ತಿತ್ತು. ನೋಡಲು ಅಚ್ಚುಕಟ್ಟು. ಆದರೆ ಎಂಜಿನ್ ಸತ್ತಿಲ್ಲ, ತಡವಾಗಿದೆ ಅಷ್ಟೇ ಅಂದುಕೊಳ್ಳಿ. ಕರೆದವರು ಮೆಮೊರಿ ಫ್ರೀ ಮಾಡಿರುತ್ತಾರೆ. ಅದು ಬೇರೆ ಯಾರಿಗೋ ಹೋಗಿರುತ್ತದೆ. ಎಂಜಿನ್ ಅದರ ಮೇಲೆ ಬರೆಯುತ್ತದೆ.

ಆ ಸಂಜೆ ಅಪ್ಪ ಕೊಪ್ಪದ ತೋಟದಿಂದ ಬಂದಿದ್ದರು. ‘ಏನು ಪುಟ್ಟಿ, ಬೆಳಿಗ್ಗೆಯಿಂದ ಅದೇ ಪುಟ ನೋಡ್ತಾ ಇದೀಯಲ್ಲ?’ ಅಂದರು. ಕೊಟ್ಟಿದ್ದನ್ನು ಅವನು ಬಿಡುವ ಮೊದಲೇ ನಾವು ವಾಪಸ್ ತಗೊಂಡು ಬೇರೆಯವರಿಗೆ ಕೊಡ್ತಿದೀವಿ ಅಪ್ಪ, ಅಂದೆ. ‘ಚೇಣಿ ಕೊಟ್ಟ ತೋಟನ ಇನ್ನೊಬ್ಬನಿಗೆ ಕೊಟ್ಟ ಹಾಗಾಯ್ತು. ಇಬ್ಬರೂ ಅಡಿಕೆ ಕೊನೆ ತೆಗೆಯೋಕೆ ಬರ್ತಾರೆ. ಮೊದಲು ಚೇಣಿದಾರನ್ನ ಬಿಡಿಸಬೇಕು,’ ಅಂದರು. ಚೇಣಿ ಅಂದರೆ ಫಸಲಿನ ಗುತ್ತಿಗೆ. ಅಷ್ಟೇ ವಿಷಯ. ಮೊದಲು ಎಂಜಿನ್ ನಿಲ್ಲಿಸಬೇಕು, ಡೇಟಾಶೀಟ್ ಹೇಳಿದ ಆ ಇನ್ನೊಂದು ಬಿಟ್ ಸೊನ್ನೆ ಆಗುವುದನ್ನು ನೋಡಬೇಕು, ಆಮೇಲೆ ಅನ್‌ಮ್ಯಾಪ್, ಆಮೇಲೆ ಉತ್ತರ.

ಬಾಯಲ್ಲಿ ಹೇಳಿದರೆ ಸಾಲದು, ತೋರಿಸಬೇಕು ಅಲ್ವಾ. ಮೆಮೊರಿ ತಪ್ಪು ಹಿಡಿಯುವ ಕರ್ನಲ್ ಟೂಲ್ ಕೇಸಾನ್ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಅದು ಸಿಪಿಯು ಮುಟ್ಟಿದ ಮೆಮೊರಿಯನ್ನು ಕಾಯುತ್ತದೆ, ಡಿಎಂಎ ಬರೆದದ್ದು ಅದಕ್ಕೆ ಕಾಣುವುದಿಲ್ಲ. ಕರ್ನಲ್‌ನಲ್ಲಿ ಮೆಮೊರಿ ಹಂಚುವ ಭಾಗದ ತಪಾಸಣೆ, ಸ್ಲಬ್ ಡೀಬಗ್, ಆನ್ ಮಾಡಿದೆ. ಅದು ಫ್ರೀ ಆದ ಮೆಮೊರಿಗೆ 6ಬಿ ಅನ್ನುವ ಬೈಟ್ ತುಂಬಿಡುತ್ತದೆ. ಟೈಮ್‌ಔಟ್ ತೀರಾ ಕಡಿಮೆ ಮಾಡಿ, ದೊಡ್ಡ ಬಫರ್ ಕಳಿಸುವ ಪುಟ್ಟ ಮಾಡ್ಯೂಲ್ ಬರೆದೆ. ಮೂರನೇ ಸಲಕ್ಕೆ ‘ಪಾಯ್ಸನ್ ಓವರ್‌ರಿಟನ್’ ಬಂತು, ಅಂದರೆ ತುಂಬಿಟ್ಟ ಬೈಟ್‌ಗಳ ಮೇಲೆ ಯಾರೋ ಬರೆದಿದ್ದಾರೆ. 6ಬಿ ಸಾಲುಗಳ ನಡುವೆ ಎಂಜಿನ್ ಬರೆದ ಬೈಟ್‌ಗಳು ಎದ್ದು ಕಾಣುತ್ತಿದ್ದವು. ಆ ಲಾಗ್ ಅನ್ನೇ ಹುಡುಗನಿಗೆ ಕಳಿಸಿದೆ.

ಕೀ ವಿಷಯ ಬೇಗ ಮುಗಿಯಿತು. ಕೀ ಇದ್ದ ಮೆಮೊರಿಯನ್ನು ಅಳಿಸದೆ ಫ್ರೀ ಮಾಡಿದ್ದ. ಅಳಿಸಿ ಬಿಡುವ ಫಂಕ್ಷನ್ ಕರ್ನಲ್‌ನಲ್ಲೇ ಇದೆ. ಸ್ಟ್ಯಾಕ್ (ಫಂಕ್ಷನ್‌ನ ತಾತ್ಕಾಲಿಕ ಮೆಮೊರಿ) ಮೇಲಿದ್ದ ಕೀಯ ನಕಲು ಅಳಿಸಲು ಸಾದಾ ಮೆಮ್‌ಸೆಟ್ ಹಾಕಿದ್ದ, ಕಂಪೈಲರ್ ಅದನ್ನು ಬೇಡದ್ದು ಅಂತ ತೆಗೆದುಹಾಕಬಹುದು. ಕೀಯನ್ನು ಲಾಗ್‌ಗೆ ಮುದ್ರಿಸುವ ಒಂದು ಡೀಬಗ್ ಸಾಲು ಕೂಡ ಉಳಿದುಕೊಂಡಿತ್ತು. ಅದನ್ನು ಮಾತ್ರ ಫೋನ್ ಮಾಡಿ ಹೇಳಿದೆ. ಬರಹದಲ್ಲಿ ಹತ್ತು ಜನರ ಎದುರು ಹೇಳುವುದು ಬೇಡ ಅನ್ನಿಸಿತು.

ಎರಡನೇ ಆವೃತ್ತಿಯಲ್ಲಿ ಟೈಮ್‌ಔಟ್ ದಾರಿ ಸರಿಯಾಗಿತ್ತು. ರಾತ್ರಿಯಿಡೀ ನನ್ನ ಮಾಡ್ಯೂಲ್ ಓಡಿಸಿದೆ, ಒಂದು 6ಬಿ ಕೂಡ ಅಲುಗಲಿಲ್ಲ. ಹುಡುಗ ಪ್ರತಿ ಫಂಕ್ಷನ್ ಮೇಲೂ ಒಳಗೆ ಬರುವಾಗ ಬಫರ್ ಯಾರದ್ದು, ಹೊರಗೆ ಹೋಗುವಾಗ ಯಾರದ್ದು ಅಂತ ಒಂದು ಸಾಲು ಬರೆದಿದ್ದ. ನಾನು ಕೇಳಿರಲಿಲ್ಲ. ಆ ಸಾಲುಗಳನ್ನು ಓದುತ್ತಾ ಹೋಗುವಾಗಲೇ ಇನ್ನೊಂದು ಕಂಡಿತು: ಸಿಸ್ಟಂ ಸಸ್ಪೆಂಡ್ ಆಗುವಾಗ ಎಂಜಿನ್ ಕೈಲಿ ಬಫರ್ ಇದ್ದರೆ ಏನು ಅಂತ ಎಲ್ಲೂ ಬರೆದಿಲ್ಲ. ಕೇಳಿ ಕಳಿಸಿದ್ದೇನೆ. ಮೂರನೇ ಆವೃತ್ತಿ ಈ ವಾರ ಬರಬೇಕು.