ಮರದ ಸೌಟಿಗೆ ಕೊನೆಯ ಕೈ ಚಾಕುವಿನದೇ ಇರಲಿ

ಸೌಟು ಕೆತ್ತುವ ಹುಚ್ಚು ಈಗ ಮತ್ತೆ ಹತ್ತಿಕೊಂಡಿದೆ. ಸ್ವೀಡನ್ನಿನ ಮೋರಾ ಚಾಕು ತರಿಸಿಕೊಂಡು, ಭಾನುವಾರ ಬಾಲ್ಕನಿಯಲ್ಲಿ ಕೂತು ಕೆತ್ತುವ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಖುಷಿಯೇ. ತಂದು ತೋರಿಸುವ ಸೌಟುಗಳ ಆಕಾರವೂ ಚೆನ್ನಾಗಿರುತ್ತದೆ. ಕೆಡುವುದು ಕೊನೆಯಲ್ಲಿ. ಇಷ್ಟು ಹೊತ್ತು ಚಾಕು ಹಿಡಿದವರು ಮುಗಿಸುವಾಗ ಉಪ್ಪುಕಾಗದ (ಸ್ಯಾಂಡ್‌ಪೇಪರ್) ಹಿಡಿದು ತಿಕ್ಕತೊಡಗುತ್ತಾರೆ.

ಉಪ್ಪುಕಾಗದ ಮರದ ಎಳೆಯನ್ನು ಕತ್ತರಿಸುವುದಿಲ್ಲ, ಗೀರಿ ಹರಿಯುತ್ತದೆ. ಎಷ್ಟು ನಯವಾದ ನಂಬರಿನ ಕಾಗದವಾದರೂ ಅಷ್ಟೇ, ಗೀರು ಸಣ್ಣದಾಗುತ್ತದೆ ಎನ್ನುವುದೊಂದೇ ವ್ಯತ್ಯಾಸ. ಆ ಸೌಟನ್ನು ಒಮ್ಮೆ ಬಿಸಿ ಸಾರಿಗೆ ಅದ್ದಿ ನೋಡಿ, ಹರಿದ ಎಳೆಗಳೆಲ್ಲ ನೀರು ಕುಡಿದು ಎದ್ದು ನಿಲ್ಲುತ್ತವೆ, ನಾಲಿಗೆಗೆ ತರಿತರಿ. ಹರಿತವಾದ ಚಾಕುವಿನಲ್ಲಿ ಹೆರೆದ ಮೈ ಹಾಗಲ್ಲ. ಎಳೆ ಸಲೀಸಾಗಿ ಕತ್ತರಿಸಿರುತ್ತದೆ, ಬೆಳಕಿಗೆ ಹಿಡಿದರೆ ಎಣ್ಣೆ ಹಚ್ಚುವ ಮೊದಲೇ ಮಿರುಗುತ್ತದೆ, ನೀರೂ ಬೇಗ ಒಳಗಿಳಿಯುವುದಿಲ್ಲ.

ಮರದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಹೊಸಬರಿಗೆ ಹಾಲೆ ಮರ ಒಳ್ಳೆಯದು, ಚನ್ನಪಟ್ಟಣದವರು ಗೊಂಬೆಗೆ ಬಳಸುವ ಮರವೇ, ಮೆದು, ಎಳೆ ಸಮ. ಕೈ ಪಳಗಿದ ಮೇಲೆ ಸೀಬೆ, ಸಪೋಟ, ತೋಟದಲ್ಲಿ ಕಿತ್ತುಹಾಕಿದ ಹಳೇ ಕಾಫಿ ಗಿಡದ ಕಾಂಡ, ಮೂರೂ ಗಟ್ಟಿ, ನಯ. ಹಲಸಿನದು ನೋಡಲು ಚೆಂದ, ಆದರೆ ಎಳೆ ಒಂದು ಪದರ ಅತ್ತ, ಇನ್ನೊಂದು ಇತ್ತ ಓಡುತ್ತದೆ, ಮೊದಮೊದಲು ಅನ್ನಕ್ಕೆ ಹಳದಿ ಬಣ್ಣವೂ ಹತ್ತೀತು. ಕಾಸರಕ, ಕಣಗಿಲೆ ಇವೆರಡನ್ನು ಮುಟ್ಟಲೇಬೇಡಿ, ವಿಷ. ಹೊಲಗೇರಿನ ಸೊನೆ ತಾಗಿದರಂತೂ ಮೈಯೆಲ್ಲ ಗುಳ್ಳೆ. ಯಾವ ಮರವೆಂದು ಗೊತ್ತಾಗದ ಕೊಂಬೆಯನ್ನು ಒಲೆಗೂ ಇಡಬೇಡಿ, ಸೌಟಿಗಂತೂ ಬೇಡ.

ಹಸಿ ಮರದಲ್ಲೇ ಆಕಾರ ತೆಗೆಯಿರಿ, ಬಟ್ಟಲಿನ ಗೋಡೆ ಬೇಕಾದ್ದಕ್ಕಿಂತ ಒಂದೆರಡು ಮಿಲಿಮೀಟರ್ ದಪ್ಪ ಇರಲಿ. ಆಮೇಲೆ ಒಣಗಲು ಬಿಡಿ. ಬಿಸಿಲಿಗೂ ಒಲೆಯ ಮೇಲಿನ ಅಟ್ಟಕ್ಕೂ ಇಟ್ಟರೆ ಬಾಯಿ ಬಿಡುತ್ತದೆ. ಅದೇ ಮರದ ಹೆರೆಚಕ್ಕೆಯ ಜೊತೆ ದಿನಪತ್ರಿಕೆಯಲ್ಲಿ ಸುತ್ತಿ ನೆರಳಲ್ಲಿಡಿ. ಮಳೆಗಾಲದಲ್ಲಿ ದಿನಕ್ಕೊಮ್ಮೆ ಬಿಚ್ಚಿ ಗಾಳಿಯಾಡಿಸದಿದ್ದರೆ ಬೂಷ್ಟು ಗ್ಯಾರಂಟಿ. ಒಣಗಿತೋ ಇಲ್ಲವೋ ಎಂದು ಕೆನ್ನೆಗೆ ಒತ್ತಿ ನೋಡುವವರಿದ್ದಾರೆ. ನಾನು ಅಡುಗೆಮನೆಯ ತಕ್ಕಡಿಯನ್ನೇ ನಂಬುವುದು. ತೂಕ ಬರೆದಿಡಿ, ಎರಡು ಮೂರು ದಿನ ಒಂದೇ ಗ್ರಾಂ ತೋರಿಸಿದರೆ ಮರ ತಯಾರು. ಕೊನೆಯ ಹೆರೆತವನ್ನು ಹಸಿಯಲ್ಲಿ ಮಾಡಿದರೆ ಒಣಗುವಾಗ ಮೈ ಮತ್ತೆ ಒರಟಾಗುತ್ತದೆ, ಸೊಟ್ಟವೂ ಆಗುತ್ತದೆ. ಅದಕ್ಕೇ ಕಾಯಬೇಕು.

ಒಣ ಮರಕ್ಕೆ ಚಾಕು ಇನ್ನೂ ಹರಿತ ಕೇಳುತ್ತದೆ. ನಿಜವಾದ ಕೆಲಸ ಇಲ್ಲಿಯೇ ಇರುವುದು. ಅಲಗಿನ ಓರೆಮೈ, ಅಂದರೆ ಬಾಯಿಯತ್ತ ಇಳಿಯುವ ಪಟ್ಟಿ, ಮಸೆಗಲ್ಲಿಗೆ ಪೂರ್ತಿ ಕೂರಬೇಕು, ಬೆನ್ನು ಎತ್ತಿ ಬಾಯಿಯನ್ನಷ್ಟೇ ಉಜ್ಜಿದರೆ ಹರಿತ ಬಂದಂತೆ ಕಂಡರೂ ಹೆರೆಯುವಾಗ ಚಾಕು ಮರದಿಂದ ಜಾರುತ್ತದೆ. ಮೊದಲು 1000 ನಂಬರಿನ ಕಲ್ಲು (ನಂಬರು ಹೆಚ್ಚಿದಷ್ಟೂ ನಯ), ಆಮೇಲೆ 4000 ಅಥವಾ ಅದಕ್ಕೂ ನಯವಾದದ್ದು, ಕೊನೆಗೆ ಹಳೇ ಬೆಲ್ಟನ್ನು ಹಲಗೆಗೆ ಅಂಟಿಸಿ ಅದರ ಮೇಲೆ ಹಿಂದಕ್ಕೆ ಎಳೆಯುವುದು. ಕ್ಷೌರದವರು ಕತ್ತಿ ಎಳೆಯುತ್ತಿದ್ದ ಹಾಗೆಯೇ, ಬೆನ್ನು ಮುಂದೆ, ಬಾಯಿ ಹಿಂದೆ. ಕೈಮೇಲಿನ ಕೂದಲು ಬೋಳಿಸಿ ಪರೀಕ್ಷೆ ಮಾಡುವುದು ಬರೀ ಷೋಕಿ. ಒಣಗಿದ ಮರದ ತುಂಡೊಂದರ ಅಡ್ಡಕೊಯ್ಲಿನ ಮುಖವನ್ನು ತೆಳ್ಳಗೆ ಹೆರೆಯಿರಿ. ಮೈ ಹೊಳೆದರೆ ಚಾಕು ಸರಿ. ಬಿಳಿಚಿಕೊಂಡು ಪುಡಿಪುಡಿಯಾದರೆ ಮತ್ತೆ ಕಲ್ಲಿಗೆ. ಹೊಳಪಿನ ನಡುವೆ ಕೂದಲೆಳೆಯಂಥ ಗೀಟೊಂದು ಉದ್ದಕ್ಕೆ ಉಳಿದರೆ ಅಲಗಿನ ಬಾಯಿ ಅಲ್ಲಿ ಮುಕ್ಕಾಗಿದೆ ಎಂದರ್ಥ.

ಮೋರಾದಲ್ಲಿ 120 ಮತ್ತು 106 ಎಂದು ಎರಡು ಕೆತ್ತನೆಯ ಚಾಕು ಸಿಗುತ್ತವೆ, ಅಲಗು 60 ಮತ್ತು 82 ಮಿಲಿಮೀಟರ್. ಮುಗಿಸುವ ಕೆಲಸಕ್ಕೆ ಗಿಡ್ಡದೇ ಸಾಕು. ಇವಿಲ್ಲದಿದ್ದರೂ ಊರಿನ ಕಮ್ಮಾರ ಬಡಿದುಕೊಟ್ಟ ಒಳ್ಳೇ ಉಕ್ಕಿನ ಚೂರಿ ಏನೂ ಕಡಿಮೆಯಲ್ಲ, ಮಸೆಯುವ ತಾಳ್ಮೆ ನಿಮ್ಮದಾಗಿರಬೇಕು.

ಹೆರೆಯುವಾಗ ಅಲಗನ್ನು ನೇರ ನೂಕಬೇಡಿ. ಬುಡದಿಂದ ತುದಿಯವರೆಗೆ ಜಾರಿಸುತ್ತಾ ಎಳೆಯಿರಿ, ಈರುಳ್ಳಿ ಸಿಪ್ಪೆಯಷ್ಟು ತೆಳು ಚಕ್ಕೆ ಸುರುಳಿಯಾಗಿ ಬರಬೇಕು. ಯಾವಾಗಲೂ ದಪ್ಪ ಕಡೆಯಿಂದ ಸಣ್ಣ ಕಡೆಗೆ, ಅಂದರೆ ಎಳೆಯ ಇಳಿಜಾರಿನಲ್ಲಿ. ಏರಿನಲ್ಲಿ ಹೋದರೆ ಅಲಗು ಎಳೆಯ ಕೆಳಗೆ ನುಗ್ಗಿ ಸಿಬಿರು ಎಬ್ಬಿಸುತ್ತದೆ. ಬಟ್ಟಲು ಮತ್ತು ಹಿಡಿ ಸೇರುವ ಕುತ್ತಿಗೆಯಲ್ಲಿ ಎರಡು ಇಳಿಜಾರುಗಳು ಬಂದು ಕೂಡುತ್ತವೆ. ಆ ಕಡೆಯಿಂದ ಬಂದ ಹೆರೆತ ತಗ್ಗಿನ ತಳದಲ್ಲೇ ನಿಲ್ಲಬೇಕು, ಈ ಕಡೆಯದೂ ಅಲ್ಲೇ. ಒಂದು ನೂಲು ದಾಟಿದರೂ ಅಲ್ಲಿ ರೋಮದಂತೆ ಎಳೆ ಏಳುತ್ತದೆ. ಬಹಳ ಜನ ಉಪ್ಪುಕಾಗದಕ್ಕೆ ಶರಣಾಗುವುದು ಈ ಜಾಗದಲ್ಲಿಯೇ. ಮರ ತೀರಾ ಗಟ್ಟಿಯೆನಿಸಿದರೆ ಒದ್ದೆ ಬಟ್ಟೆಯಲ್ಲಿ ಅಷ್ಟು ಜಾಗವನ್ನು ಒರೆಸಿ, ಐದು ನಿಮಿಷ ಬಿಟ್ಟು, ಆಗಷ್ಟೇ ಮಸೆದ ಚಾಕುವಿನ ತುದಿಯಿಂದ ಇನ್ನೊಮ್ಮೆ ಹೋಗಿ. ಬಟ್ಟಲಿನ ಒಳಗೆ ಅಲಗು ಬಾಗಿದ ಕೊಕ್ಕೆ ಚಾಕು ಬೇಕೇಬೇಕು, ಅಂಚಿನಿಂದ ನಡುವಿಗೆ, ಎಳೆಗೆ ಅಡ್ಡಲಾಗಿ.

ಅಂಚನ್ನು ಹಾಗೇ ಚೂಪಾಗಿ ಬಿಡಬಾರದು. ಒಳಗೂ ಹೊರಗೂ ಒಂದೇ ಉಸಿರಿನಲ್ಲಿ ಸಣ್ಣ ಓರೆ ತೆಗೆಯಿರಿ, ತುಟಿಗೆ ತಾಗುವುದು ಅದೇ. ಬಡಿಸುವ ಸೌಟಾದರೆ ಮುಂದಿನ ತುಟಿ ತುಸು ದಪ್ಪವಿರಲಿ, ಪಾತ್ರೆಯ ತಳ ಕೆರೆದು ಮೊದಲು ಸವೆಯುವುದು ಆ ಭಾಗ. ಹಿಡಿಯ ಮೇಲೆ ಚಾಕುವಿನ ಪಟ್ಟೆಪಟ್ಟೆ ಗುರುತು ಉಳಿದರೆ ಉಳಿಯಲಿ, ಒದ್ದೆ ಕೈಯಲ್ಲಿ ಜಾರುವುದಿಲ್ಲ. ಎಡಗೈ ಹೆಬ್ಬೆರಳಿಗೆ ಚರ್ಮದ ತುಂಡೊಂದನ್ನು ಸುತ್ತಿಕೊಳ್ಳಿ, ತೊಡೆಯ ನಡುವೆ ಇಟ್ಟು ಕೆತ್ತಬೇಡಿ. ಅಲ್ಲಿ ತಾಗಿದ ಗಾಯಕ್ಕೆ ಮನೆಮದ್ದು ಇಲ್ಲ.

ಮುಗಿಯಿತೆನಿಸಿದ ಮೇಲೆ ಒಂದು ನಿಮಿಷ ಬಿಸಿನೀರಿಗೆ ಹಾಕಿ ತೆಗೆದು ಒಣಗಿಸಿ. ಬೆರಳಿಗೆ ಎಲ್ಲಿ ತರಿ ಸಿಕ್ಕಿತೋ ಅಲ್ಲಿ ಮಾತ್ರ ಮತ್ತೊಮ್ಮೆ ಹೆರೆಯಿರಿ. ಆಮೇಲೆ ಹೊಳೆಯ ನುಣುಪು ಕಲ್ಲಿನಿಂದಲೋ ಸ್ಟೀಲ್ ಚಮಚದ ಬೆನ್ನಿನಿಂದಲೋ ಅಂಚನ್ನು ಒತ್ತಿ ತೀಡಿದರೆ ಎಳೆ ಕೂತುಬಿಡುತ್ತದೆ.

ಎಣ್ಣೆಗೆ ಅಗಸೆಯದೇ ಮೊದಲು, ಗಾಣದ ಹಸಿ ಎಣ್ಣೆ. ಅದು ಗಾಳಿಗೆ ಗಟ್ಟಿಯಾಗುವ ಜಾತಿ, ಉತ್ತರ ಕರ್ನಾಟಕದ ಕುಸುಬೆ ಎಣ್ಣೆಗೂ ಆ ಗುಣ ಉಂಟು. ಪೇಂಟ್ ಅಂಗಡಿಯ ಕುದಿಸಿದ ಅಗಸೆ ಎಣ್ಣೆ ಬೇಡ, ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣ ಬೆರೆಸಿರುತ್ತಾರೆ. ಕಡಲೆಕಾಯಿ ಎಣ್ಣೆ ಅಂಟಂಟಾಗಿ ಕಮಟು ವಾಸನೆ ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ನಡೆಯುತ್ತದೆ, ಆದರೆ ಅದು ಒಣಗುವುದಿಲ್ಲ, ಆಗಾಗ ಹಚ್ಚುತ್ತಿರಬೇಕು. ಚನ್ನಪಟ್ಟಣದ ಅರಗಿನ ಹೊಳಪು ಗೊಂಬೆಗೆ ಸರಿ, ಕುದಿಯುವ ಹುಳಿಯಲ್ಲಿ ಅರಗು ಮೆದುವಾಗುತ್ತದೆ. ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ, ನಾಲ್ಕಾರು ದಿನ ಬೆಳಕು ಗಾಳಿಗಿಡಿ. ಹೀಗೆ ಎರಡು ಮೂರು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿಯಾಗಿ ತಾನಾಗಿ ಬೆಂಕಿ ಹತ್ತಿಕೊಳ್ಳುವುದುಂಟು. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ ಬಿಸಾಡಿ.

ಸಿಂಕಿನಲ್ಲಿ ರಾತ್ರಿಯಿಡೀ ನೆನೆಹಾಕದಿದ್ದರೆ ಸೌಟು ವರ್ಷಗಟ್ಟಲೆ ಬರುತ್ತದೆ. ಅರಿಶಿನದ ಕಲೆಗೆ ಸೋಪು ತಿಕ್ಕಿ ಸುಸ್ತಾಗಬೇಡಿ, ತೊಳೆದು ಬಿಸಿಲಿಗಿಟ್ಟರೆ ಬಣ್ಣ ತಾನೇ ಇಳಿಯುತ್ತದೆ. ತುಟಿ ಕರಕಲಾದರೆ ಅಥವಾ ಮೈ ಒರಟಾದರೆ ಮತ್ತೆ ಚಾಕು ಮಸೆದು ಒಂದು ಪದರ ತೆಗೆದು ಎಣ್ಣೆ ಹಚ್ಚಿ. ತೀರಾ ತೆಳುವಾದ ಮೇಲೆ ಬಡಿಸಲು ಬಾರದು, ಉಪ್ಪಿನಕಾಯಿ ಭರಣಿಗೆ ಇಟ್ಟುಕೊಳ್ಳಿ. ಉಪ್ಪು ಹುಳಿಗೆ ಲೋಹಕ್ಕಿಂತ ಅದೇ ಲೇಸು.