ಮೊಣಕೈ ಮಡಿಸಿ ನೋಡುವವರು ಯಾರು?

ವಿಡಿಯೋ ಮೂಲಕ ರೋಗಿಗಳನ್ನು ನೋಡಲು ಒಪ್ಪಿಕೊಂಡಾಗ ನಾನು ಕೇಳಿದ್ದು ಒಂದೇ: ಆಚೆ ಬದಿಯಲ್ಲಿ ಒಬ್ಬ ನರ್ಸ್ ಬೇಕು. ಕ್ಯಾಮೆರಾ, ಇಂಟರ್ನೆಟ್ ಎಲ್ಲ ಆಮೇಲೆ. ನಾನು ಶಿವಮೊಗ್ಗದ ಮನೋವೈದ್ಯ. ರೋಗಿಗಳು ಬರುವುದು ಹೊಸನಗರದ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಮಳೆಗಾಲದಲ್ಲಿ ಬಸ್ ತಪ್ಪಿದರೆ ಅವರ ದಿನವೂ ಹೋಯಿತು, ಕೂಲಿಯೂ ಹೋಯಿತು. ಸ್ವಲ್ಪ ಗುಣವಾದ ಕೂಡಲೇ ಮಾತ್ರೆ ನಿಲ್ಲಿಸುವವರನ್ನು ಬೈದು ಪ್ರಯೋಜನವಿಲ್ಲ.

ಇಲ್ಲದ ದನಿ ಕೇಳಿಸುವ, ಸುಳ್ಳು ಅನುಮಾನ ಕಾಡುವ ಸ್ಕಿಜೋಫ್ರೇನಿಯಾ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಔಷಧಗಳು ಕೆಲವರ ಮೈಯನ್ನು ಬಿಗಿಯಾಗಿಸುತ್ತವೆ. ಪರದೆಯಲ್ಲಿ ಅದು ಅರ್ಧ ಮಾತ್ರ ಕಾಣುತ್ತದೆ. ರೋಗಿಯನ್ನು ಬಾಗಿಲವರೆಗೆ ನಡೆಸಿ ನೋಡುತ್ತೇನೆ. ಕೈ ಬೀಸದೆ ನಡೆದರೆ ಅನುಮಾನ. ಆಗ ನರ್ಸ್ ಅವರ ಮೊಣಕೈ ಹಿಡಿದು ನಿಧಾನವಾಗಿ ಮಡಿಸಿ ಬಿಡಿಸುತ್ತಾರೆ. ‘ತಡೆದು ತಡೆದು ಬರುತ್ತಿದೆ ಸಾರ್’ ಎಂದರೆ ಔಷಧದ ಪ್ರಮಾಣ ಇಳಿಸುತ್ತೇನೆ, ಇಲ್ಲವೇ ಬಿಗಿತ ಕಡಿಮೆ ಮಾಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಸೇರಿಸುತ್ತೇನೆ. ಆ ಬಿಗಿತ ಹೇಗಿರುತ್ತದೆಂದು ನರ್ಸ್‌ಗೆ ತೋರಿಸಲು ನಾನೇ ಅಲ್ಲಿಗೆ ಹೋಗಿ ರೋಗಿಯೊಬ್ಬರ ಕೈಯನ್ನು ಇಬ್ಬರೂ ಹಿಡಿದು ನೋಡಬೇಕಾಯಿತು.

ಗುಟ್ಟು ಕಾಯುವುದು ಇನ್ನೂ ಕಷ್ಟ. ಮನೆಗೆ ಕರೆ ಮಾಡಿದರೆ ಮೊಬೈಲ್ ಗಂಡನದ್ದು, ಸ್ಪೀಕರ್ ಆನ್. ಸೊಸೆ ‘ಚೆನ್ನಾಗಿದ್ದೇನೆ’ ಎನ್ನುವಾಗ ಹಿಂದೆ ಬಳೆ ಸದ್ದಾದರೆ ಅತ್ತೆಯೂ ಅಲ್ಲಿದ್ದಾರೆಂದು ಅರ್ಥ. ಅಂಥ ಹೊತ್ತಿನಲ್ಲಿ ‘ಹೌದು, ಇಲ್ಲ’ ಎಂದು ಉತ್ತರಿಸಬಹುದಾದ ಪ್ರಶ್ನೆಗಳನ್ನಷ್ಟೇ ಕೇಳುತ್ತೇನೆ. ಸಾಯುವ ಯೋಚನೆಯ ಬಗ್ಗೆ ಅಲ್ಲಿ ಬಾಯಿ ಬಿಡುವುದಿಲ್ಲ. ಆಶಾ ಕಾರ್ಯಕರ್ತೆಗೆ ಹೇಳಿ ಅಂದೇ ಆರೋಗ್ಯ ಕೇಂದ್ರಕ್ಕೆ ಕರೆಸುತ್ತೇನೆ. ಅಲ್ಲಿ ಬಾಗಿಲು ಹಾಕಬಹುದು. ರಾತ್ರಿ ಸಂಕಟವಾದರೆ ಇರಲಿ ಎಂದು 2022ರಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಎಲ್ಲರ ಚೀಟಿಯ ಮೇಲೂ ಬರೆಯುತ್ತೇವೆ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಎಲ್ಲವನ್ನೂ ಪರದೆಯಲ್ಲಿ ಮುಗಿಸಬಹುದೆಂದು ಹೇಳುವವರನ್ನು ಕಂಡರೆ ನನಗೆ ಸಿಟ್ಟು. ಮನಸ್ಸಿನ ವಿಪರೀತ ಏರಿಳಿತಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರ ರಕ್ತದಲ್ಲಿ ಅದರ ಮಟ್ಟ ನೋಡಲೇಬೇಕು. ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಯೂ ಆಗಬೇಕು. ಅವರನ್ನು ಶಿವಮೊಗ್ಗಕ್ಕೇ ಕರೆಸುತ್ತೇನೆ. ಕುಡಿತ ಬಿಟ್ಟ ಮರುದಿನ ಕೈ ನಡುಗಿ, ಬೆವರಿ, ಇಲ್ಲದ್ದನ್ನು ಕಾಣುತ್ತಿರುವವರಿಗೆ ವಿಡಿಯೋ ಹಚ್ಚುವ ಮಾತೇ ಇಲ್ಲ. ನರ್ಸ್ ಆಂಬುಲೆನ್ಸ್‌ಗೆ 108 ಒತ್ತುತ್ತಾರೆ, ನಾನು ವಾರ್ಡ್‌ಗೆ ಹೇಳಿ ಅವರಿಗೆ ಹಾಸಿಗೆ ಕಾದಿರಿಸುತ್ತೇನೆ.