ಓದಲು ತಡವರಿಸುವ ಮಗುವಿಗೆ ಮೊದಲು ಕಿವಿ, ಆಮೇಲೆ ಅಕ್ಷರ

ವರ್ಣಮಾಲೆಯನ್ನು ಗಡಗಡ ಹೇಳುವ ಮಗು ‘ಮರಳು’ ಓದಲು ಹೋಗಿ ‘ಮ’ದಲ್ಲೇ ನಿಂತುಬಿಡುತ್ತದೆ. ನಾವು ಮತ್ತೆ ಅದನ್ನೇ ತಿದ್ದಿಸುತ್ತೇವೆ. ದಯವಿಟ್ಟು ಸ್ವಲ್ಪ ದಿನ ಸ್ಲೇಟು ಬದಿಗಿಡಿ. ಇಂಥ ಎಷ್ಟೋ ಮಕ್ಕಳಿಗೆ ಕಷ್ಟವಾಗುವುದು ಅಕ್ಷರದ ಆಕಾರವಲ್ಲ, ಮಾತನ್ನು ಸದ್ದುಗಳಾಗಿ ಬಿಡಿಸಿ ಕೇಳುವುದು. ಅದನ್ನು ಬಾಯಿಮಾತಲ್ಲೇ ಕಲಿಸಬಹುದು. ದಿನಕ್ಕೆ 10 ನಿಮಿಷ ಸಾಕು, ಜಾಸ್ತಿ ಎಳೆಯಬೇಡಿ.

ಅದಕ್ಕೂ ಮುಂಚೆ ಕಿವಿಯ ಪರೀಕ್ಷೆ ಮಾಡಿಸಿ. ಪದೇಪದೇ ಕಿವಿ ಸೋರುವ ಮಗುವಾದರೆ ತಡ ಮಾಡಲೇಬೇಡಿ.

ಶುರು ಮಾತಿನಿಂದ. ಚಿತ್ರ ತೋರಿಸಿ ‘ಇದೇನು?’ ಎಂದರೆ ಒಂದೇ ಪದದ ಉತ್ತರ ಬರುತ್ತದೆ. ‘ಇಲ್ಲಿ ಏನಾಗ್ತಿದೆ? ಆಮೇಲೆ ಏನಾಗಬಹುದು?’ ಎಂದು ಕೇಳಿ, ಸುಮ್ನೆ ಕಾಯಿರಿ. ಮಗು ‘ನಾಯಿ ಓಡ್ತು’ ಎಂದರೆ ‘ಹೌದು, ನಾಯಿ ಹೆದರಿ ಓಡ್ತು’ ಎಂದು ಒಂದು ಪದ ಸೇರಿಸಿ ಹೇಳಿ.

ಮುಂದೆ ಚಪ್ಪಾಳೆ. ಮ-ರ-ಳು, 3 ಚಪ್ಪಾಳೆ. ಇದು ಸಲೀಸಾದ ಮೇಲೆ ಬಿಡಿಸುವ ಆಟ. ‘ಅರಮನೆ’ಯಲ್ಲಿ ‘ಅರ’ ಬಿಟ್ಟರೆ? ‘ಮರಳು’ ಪದದಲ್ಲಿ ‘ಳು’ ಬಿಟ್ಟರೆ? ‘ಮರ’ ಸಿಕ್ಕಾಗ ಮಗುವಿನ ಮುಖ ನೋಡಬೇಕು! ಆಮೇಲೆ ನೀವು ‘ಕ... ರ... ಡಿ’ ಎಂದು ಬಿಡಿಬಿಡಿಯಾಗಿ ಹೇಳಿ, ಮಗು ಕೂಡಿಸಲಿ. ಓದುವಾಗ ಮಾಡಬೇಕಾದದ್ದೂ ಇದೇ ಕೂಡಿಸುವ ಕೆಲಸ.

ಒತ್ತಕ್ಷರ ಬಂದಾಗ ನಿಧಾನಿಸಿ. ‘ಅಕ್ಕ’ ಎನ್ನುವಾಗ ಬಾಯಿ ಅದನ್ನು ‘ಅಕ್-ಕ’ ಎಂದು ಒಡೆಯುತ್ತದೆ. ಬರೆಯುವುದು ‘ಅ-ಕ್ಕ’. ಕಿವಿಗೆ ಬೀಳುವ ತುಂಡೇ ಬೇರೆ, ಕಣ್ಣಿಗೆ ಕಾಣುವ ತುಂಡೇ ಬೇರೆ. ಮಗು ಇಲ್ಲಿ ಎಡವಿದರೆ ಅದು ಸೋಮಾರಿತನವಲ್ಲ. ‘ಕತೆ-ಕತ್ತೆ’, ‘ಬಳೆ-ಬಾಳೆ’ ಇಂಥ ಜೋಡಿ ಹೇಳಿ, ‘ಎರಡೂ ಒಂದೇನಾ, ಬೇರೆನಾ?’ ಎಂದು ಕೇಳಿ. ಎಲ್ಲಿ ಸದ್ದು ಗಟ್ಟಿಯಾಯಿತು, ಎಲ್ಲಿ ಎಳೆಯಿತು ಎಂದು ಮಗುವೇ ಹೇಳಲಿ. ಈ ಒಂದು ಆಟಕ್ಕೆ ವಾರಗಟ್ಟಲೆ ಕೊಟ್ಟರೂ ನಷ್ಟವಿಲ್ಲ.

ಅಕ್ಷರದೊಳಗಿನ ಸದ್ದು ಹಿಡಿಯುವುದು ಎಲ್ಲಕ್ಕಿಂತ ಕಷ್ಟ, ಅದಕ್ಕೇ ಕೊನೆಗೆ ಇಟ್ಟುಕೊಳ್ಳಿ. ‘ಮರ, ಮೀನು, ಮೂಗು’ ಎಂದು ಕನ್ನಡಿ ಮುಂದೆ ಹೇಳಿಸಿ. ಪ್ರತಿ ಸಲವೂ ಮೊದಲು ತುಟಿ ಮುಚ್ಚುತ್ತದೆ, ಅಲ್ವಾ? ಮುಚ್ಚಿದ ತುಟಿಯದು ‘ಮ್’. ತೆರೆದ ಮೇಲೆ ಬರುವುದು ಅ, ಈ, ಊ. ಇದು ಹೊಳೆದ ಮಗುವಿಗೆ ಕಾಗುಣಿತ ಬರೀ ಬಾಯಿಪಾಠವಾಗಿ ಉಳಿಯುವುದಿಲ್ಲ. ಆಗ ಸ್ಲೇಟು ತೆಗೆಯಿರಿ. ಮ, ಮೀ, ಮೂ ಬರೆಯಿರಿ. ‘ಈ’ ಸದ್ದಿನ ಗುರುತು ಎಲ್ಲಿದೆ ಎಂದು ಮಗುವೇ ಬೆರಳಿಟ್ಟು ತೋರಿಸಲಿ.